ಒಂಬತ್ತನೇ ನಂಬರಿನ ದಿಗಿಣ

ಕುಯಾ ಅವರ ಬ್ಯಾಗಿನಲ್ಲಿ ಯಾವಾಗಲೂ ಎರಡು ಸಾಮಾನು ಇರುತ್ತವೆ. ಒಂದು ಜೊತೆ ಬ್ಯಾಸ್ಕೆಟ್‌ಬಾಲ್ ಶೂ, ಒಂದು ಬಿಪಿ ಮೆಷಿನ್.

ಕುಯಾ ಅಂದರೆ ಅವರ ಭಾಷೆಯಲ್ಲಿ ಅಣ್ಣ. ದುಬೈನಲ್ಲಿ ನನ್ನ ಜೊತೆ ಒಂದೇ ವೇರ್‌ಹೌಸ್‌ನಲ್ಲಿ ಕೆಲಸ ಮಾಡುವವರು, ಫಿಲಿಪೀನ್ಸಿನ ಇಲೋಯ್ಲೋ ಕಡೆಯವರು. ನಾನು ಕಾರ್ಕಳದ ಹತ್ತಿರದವನು. ಇಬ್ಬರಿಗೂ ಮೂರು ಹೊತ್ತೂ ಅನ್ನ ಬೇಕು, ಒಣಮೀನು ಸುಟ್ಟರೆ ಮೂಗು ಮುಚ್ಚಿಕೊಳ್ಳುವ ಜಾತಿಯವರಲ್ಲ. ಸ್ನೇಹಕ್ಕೆ ಅಷ್ಟು ಸಾಕಾಯಿತು. ಅವರು ನನಗಿಂತ ಹದಿನಾಲ್ಕು ವರ್ಷ ದೊಡ್ಡವರು. ನನ್ನನ್ನು ‘ಪಾರೆ’ ಅಂತ ಕರೆಯುತ್ತಾರೆ. ನಮ್ಮಲ್ಲಿ ‘ಮಾರಾಯ’ ಅಂತೀವಲ್ಲ, ಹೆಚ್ಚುಕಮ್ಮಿ ಹಾಗೆ.

ಫಿಲಿಪೀನ್ಸಿನ ಬ್ಯಾಸ್ಕೆಟ್‌ಬಾಲ್ ಆಟಗಾರ ಸ್ಯಾಂಬಾಯ್ ಲಿಮ್ ಹೆಸರು ನಾನು ಕೇಳಿದ್ದು ಅವರ ಬಾಯಿಂದಲೇ. ರಾತ್ರಿ ಊಟ ಆದಮೇಲೆ ಫೋನಿನಲ್ಲಿ ಒಂದು ವಿಡಿಯೋ ತೋರಿಸಿದರು. ಹಳೆ ಟೇಪಿನಿಂದ ಇಳಿಸಿದ್ದು, ಬಣ್ಣ ಎಲ್ಲ ಕದಡಿಹೋಗಿದೆ, ಮೇಲೆ ಕೆಳಗೆ ಗೆರೆ ಓಡುತ್ತವೆ. ಚಡ್ಡಿ ಈಗಿನ ಹಾಗೆ ಮೊಣಕಾಲು ದಾಟುವುದಿಲ್ಲ, ಆಗಿನ ಕಾಲದ ಗಿಡ್ಡ ಚಡ್ಡಿ. ಬೆನ್ನ ಮೇಲೆ 9. ಆ ಹುಡುಗ ಬಾಲ್ ತಟ್ಟುತ್ತ ಬರುತ್ತಾನೆ, ಒಬ್ಬನನ್ನು ದಾಟುತ್ತಾನೆ, ರಿಂಗಿಗೆ ಇನ್ನೂ ದೂರ ಇರುವಾಗಲೇ ನೆಲ ಬಿಡುತ್ತಾನೆ. ಎದುರಿಂದ ಅವನಿಗಿಂತ ಒಂದು ಗೇಣು ಎತ್ತರದವನೂ ಹಾರುತ್ತಾನೆ, ಕೈ ಚಾಚುತ್ತಾನೆ. ಇನ್ನೇನು ತಡೆದೇ ಬಿಟ್ಟ. ಅಷ್ಟರಲ್ಲಿ ನಮ್ಮ 9 ಗಾಳಿಯಲ್ಲೇ ಬಾಲನ್ನು ಹೊಟ್ಟೆಯ ಹತ್ತಿರ ಇಳಿಸಿ, ಇನ್ನೊಂದು ಮಗ್ಗುಲಿಗೆ ತಂದು, ಮತ್ತೆ ಎತ್ತುತ್ತಾನೆ. ತಡೆಯಲು ಹಾರಿದವನು ಆಗಲೇ ಕೆಳಗೆ ಬಂದಾಯಿತು. ಇವನು ಇನ್ನೂ ಮೇಲೆ.

ಕುಯಾ ಅಲ್ಲಿಗೆ ವಿಡಿಯೋ ನಿಲ್ಲಿಸಿದರು. ‘ನೋಡಿದಿಯಾ? ಇನ್ನೂ ಇಳಿದಿಲ್ಲ.’

ನನಗೆ ಥಟ್ಟನೆ ನೆನಪಾದದ್ದು ಬ್ಯಾಸ್ಕೆಟ್‌ಬಾಲ್ ಅಲ್ಲ, ಯಕ್ಷಗಾನ. ತೆಂಕುತಿಟ್ಟಿನ ಪುಂಡುವೇಷ, ಅಂದರೆ ಎಳೆಯ ವೀರನ ಪಾತ್ರ. ಅಭಿಮನ್ಯುವೋ ಬಭ್ರುವಾಹನನೋ ರಂಗಸ್ಥಳಕ್ಕೆ ಬಂದು ಚೆಂಡೆಯ ಪೆಟ್ಟಿಗೆ ಗಾಳಿಯಲ್ಲಿ ಸುತ್ತಿ ದಿಗಿಣ ಹಾರುವಾಗ, ಮುಂದಿನ ಸಾಲಿನ ಅಜ್ಜಂದಿರು ಬೀಡಿ ಬಾಯಲ್ಲೇ ಬಿಟ್ಟು ಎಣಿಸುತ್ತಾರೆ. ಬೆಳಗ್ಗೆ ಪ್ರಸಂಗದ ಕತೆ ಮರೆತಿರುತ್ತಾರೆ, ಅರ್ಥಗಾರಿಕೆ ಮರೆತಿರುತ್ತಾರೆ. ದಿಗಿಣ ಮರೆಯುವುದಿಲ್ಲ.

ಸ್ಯಾಂಬಾಯ್‌ನ ಪೂರ್ತಿ ಹೆಸರು ಅವೆಲಿನೋ ಲಿಮ್ ಜೂನಿಯರ್. ಹುಟ್ಟಿದ್ದು 1962ರ ಫೆಬ್ರವರಿ 1ಕ್ಕೆ. ಎತ್ತರ ಸುಮಾರು 6 ಅಡಿ. ಆಡುತ್ತಿದ್ದದ್ದು ಶೂಟಿಂಗ್ ಗಾರ್ಡ್ ಜಾಗದಲ್ಲಿ. ಹೆಸರು ಕೇಳಿದರೆ ದೂರದಿಂದ ಬಾಲ್ ಎಸೆಯುವವನು ಅನ್ನಿಸುತ್ತದೆ. ಅದೇ ಕಾಲದ ಇನ್ನೊಬ್ಬ ಶೂಟಿಂಗ್ ಗಾರ್ಡ್ ಅಲನ್ ಕೈಡಿಕ್ ಹಾಗೇ ಇದ್ದ. ಎಡಗೈಯವನು. 1991ರ ನವೆಂಬರ್ 21ರಂದು ಗಿನೆಬ್ರಾ ತಂಡದ ಮೇಲೆ ಒಂದೇ ಪಂದ್ಯದಲ್ಲಿ 79 ಪಾಯಿಂಟ್ ಹೊಡೆದ, ಅದರಲ್ಲಿ 17 ತ್ರೀ-ಪಾಯಿಂಟರ್, ಅಂದರೆ ದೂರದಿಂದ ಎಸೆದು ಮೂರು ಪಾಯಿಂಟ್ ಗಳಿಸುವ ಹೊಡೆತ. ಸ್ಯಾಂಬಾಯ್ ಇದಕ್ಕೆ ತದ್ವಿರುದ್ಧ. ಕೈಡಿಕ್ ಹೊರಗೆ ನಿಂತು ಎಸೆಯುವವನಾದರೆ, ಇವನು ಒಳಗೆ ನುಗ್ಗುವವನು. ಕಬಡ್ಡಿಯಲ್ಲಿ ಏಳು ಜನರ ನಡುವೆ ಹೋಗಿ ಮುಟ್ಟಿ ಬರುವ ರೈಡರ್ ಇರುತ್ತಾನಲ್ಲ, ಆ ಸ್ವಭಾವ. ಜನ ಇಟ್ಟ ಹೆಸರು ‘ಸ್ಕೈವಾಕರ್’.

ಇಲ್ಲಿ ಸ್ವಲ್ಪ ಫಿಲಿಪೀನ್ಸಿನ ಬ್ಯಾಸ್ಕೆಟ್‌ಬಾಲ್ ಹುಚ್ಚಿನ ಬಗ್ಗೆ ಹೇಳಲೇಬೇಕು. ನಮಗೆ ಕ್ರಿಕೆಟ್ ಹೇಗೋ ಅವರಿಗೆ ಇದು ಹಾಗೆ ಅಂದರೆ ಕಡಿಮೆಯಾಯಿತು. ಕ್ರಿಕೆಟ್‌ಗೆ ಒಂದು ಮೈದಾನವಾದರೂ ಬೇಕು. ಅಲ್ಲಿ ತೆಂಗಿನ ಮರಕ್ಕೆ ಒಂದು ಕಬ್ಬಿಣದ ಬಳೆ ಹೊಡೆದರೆ ಕೋರ್ಟ್ ಆಯಿತು. ಹವಾಯಿ ಚಪ್ಪಲಿ ಹಾಕಿಕೊಂಡೇ ಆಡುತ್ತಾರೆ. ಅಮೆರಿಕದವರು ಆಳಲು ಬಂದಾಗ ಜೊತೆಗೆ ತಂದ ಆಟ ಇದು. 1954ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಫಿಲಿಪೀನ್ಸ್ ಕಂಚು ಗೆದ್ದಿತ್ತು. 1975ರಲ್ಲಿ ಏಷ್ಯಾದ ಮೊದಲ ವೃತ್ತಿಪರ ಲೀಗ್ ಪಿಬಿಎ ಶುರುವಾದದ್ದೂ ಅಲ್ಲೇ.

ಪಿಬಿಎ ತಂಡಗಳ ಹೆಸರು ಕೇಳಿ ನಾನು ಮೊದಮೊದಲು ನಗುತ್ತಿದ್ದೆ. ಊರಿನ ಹೆಸರಲ್ಲ, ಸಾಮಾನಿನ ಹೆಸರು. ಆಗಿನ ತಂಡಗಳು ಸ್ಯಾನ್ ಮಿಗೆಲ್ ಬಿಯರ್, ಗಿನೆಬ್ರಾ ಜಿನ್, ಪ್ಯೂರ್‌ಫುಡ್ಸ್ ಹಾಟ್‌ಡಾಗ್, ಅಲಾಸ್ಕಾ ಹಾಲು. ‘ಇವತ್ತು ಬಿಯರ್‌ಗೂ ಹಾಟ್‌ಡಾಗ್‌ಗೂ ಮ್ಯಾಚ್’ ಅಂತ ಕುಯಾ ಗಂಭೀರವಾಗಿ ಹೇಳುವಾಗ ನಗು ತಡೆಯುವುದು ಕಷ್ಟ. ಆಮೇಲೆ ಒಂದು ದಿನ ಅವರೇ ಕೇಳಿದರು, ‘ನಿಮ್ಮ ಆರ್‌ಸಿಬಿ ಹೆಸರು ಎಲ್ಲಿಂದ ಬಂತು?’ ವಿಸ್ಕಿಯಿಂದ ಬಂತು ಅಂತ ಒಪ್ಪಿಕೊಳ್ಳಬೇಕಾಯಿತು. ಆಮೇಲೆ ನಗಲಿಲ್ಲ.

ಸ್ಯಾಂಬಾಯ್ ಹೆಸರು ಮೊದಲು ಎದ್ದದ್ದು ಕಾಲೇಜಿನಲ್ಲಿ. ಮನಿಲಾದ ಹಳೇ ಕೋಟೆಯೂರು ಇಂಟ್ರಾಮ್ಯೂರೋಸ್‌ನಲ್ಲಿ ಲೆಟ್ರಾನ್ ಅಂತ ಕಾಲೇಜಿದೆ, 1620ರಷ್ಟು ಹಳೆಯದು. ಅವನ ಕಾಲದಲ್ಲಿ ಲೆಟ್ರಾನ್ 1982, 83, 84, ಹೀಗೆ ಸಾಲಾಗಿ ಮೂರು ವರ್ಷ ಕಾಲೇಜು ಲೀಗ್ ಗೆದ್ದಿತು. ಅಲ್ಲಿಂದ ಅವನನ್ನು ಎತ್ತಿಕೊಂಡದ್ದು ರಾನ್ ಜೇಕಬ್ಸ್ ಎಂಬ ಅಮೆರಿಕನ್ ಕೋಚ್ ಕಟ್ಟುತ್ತಿದ್ದ ರಾಷ್ಟ್ರೀಯ ತಂಡ. ಪ್ರಾಯೋಜಕ ಕಂಪನಿಯ ಹೆಸರಲ್ಲಿ ಅದನ್ನು ಎನ್‌ಸಿಸಿ ಅನ್ನುತ್ತಿದ್ದರು. ಹಿಂದೆ ನಿಂತು ದುಡ್ಡು ಹಾಕಿದವರು ಡ್ಯಾಂಡಿಂಗ್ ಕೊಹ್ವಾಂಕೊ. ದೊಡ್ಡ ಉದ್ಯಮಿ, ಸ್ಯಾನ್ ಮಿಗೆಲ್ ಕಂಪನಿಯ ಮುಖ್ಯಸ್ಥ, ಅಧ್ಯಕ್ಷ ಮಾರ್ಕೋಸ್ ಅವರ ಆಪ್ತ.

ಈ ಕೊನೆಯ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆ ತಂಡ ಎಂಥದ್ದು ಅಂದರೆ, 1985ರಲ್ಲಿ ತೈಪೆಯ ಜೋನ್ಸ್ ಕಪ್ ಫೈನಲ್‌ನಲ್ಲಿ ಅಮೆರಿಕದಿಂದ ಬಂದ ತಂಡವನ್ನೇ ಓವರ್‌ಟೈಮ್‌ನಲ್ಲಿ ಸೋಲಿಸಿತು. ಸ್ಯಾಂಬಾಯ್, ಕೈಡಿಕ್, ಪಾಯಿಂಟ್ ಗಾರ್ಡ್ ಹೆಕ್ಟರ್ ಕಾಲ್ಮಾ. ಜೊತೆಗೆ ಅಮೆರಿಕದಿಂದ ಬಂದು ಆಡಿದ ಮೂವರು. ಅವರಲ್ಲೊಬ್ಬ ಚಿಪ್ ಎಂಗೆಲಂಡ್, ಮುಂದೆ ಎನ್‌ಬಿಎಯಲ್ಲಿ ಸ್ಯಾನ್ ಆಂಟೋನಿಯೋ ಸ್ಪರ್ಸ್ ತಂಡದ ಹುಡುಗರಿಗೆ ಬಾಲ್ ಎಸೆಯುವುದನ್ನು ತಿದ್ದಿದ ಗುರು. ಅದೇ ವರ್ಷದ ಕೊನೆಗೆ ಕ್ವಾಲಾಲಂಪುರದಲ್ಲಿ ಏಷ್ಯನ್ ಚಾಂಪಿಯನ್‌ಶಿಪ್. ಜನವರಿ ಮೊದಲ ವಾರ ಫಿಲಿಪೀನ್ಸ್ ಚಾಂಪಿಯನ್. ಮುಂದಿನ ಬೇಸಿಗೆಗೆ ಸ್ಪೇನಿನಲ್ಲಿ ನಡೆಯುವ ವಿಶ್ವ ಚಾಂಪಿಯನ್‌ಶಿಪ್‌ಗೆ ಟಿಕೆಟ್ ಖಾತ್ರಿ. ಸ್ಯಾಂಬಾಯ್‌ಗೆ ಇನ್ನೂ 24 ತುಂಬಿರಲಿಲ್ಲ.

ಕುಯಾ ಆಗ ಹದಿನೈದು ಹದಿನಾರರ ಹುಡುಗ. ಶಾಲೆ ಬಿಟ್ಟ ಮೇಲೆ ಎಲ್ಲರೂ ಸ್ಯಾಂಬಾಯ್ ಆಗಲು ಹೊರಡುತ್ತಿದ್ದರಂತೆ. ಹಾರಿ ಗಾಳಿಯಲ್ಲೇ ಬಾಲ್ ಕೈ ಬದಲಿಸಲು ಹೋಗಿ ಮೂಗು ಒಡೆದುಕೊಂಡವರೇ ಜಾಸ್ತಿ. ಅವರ ಎಡ ಹುಬ್ಬಿನಲ್ಲಿ ಒಂದು ಸಣ್ಣ ಗೆರೆ ಇದೆ. ಅದನ್ನು ಮುಟ್ಟಿ ‘ಇದು ಸ್ಯಾಂಬಾಯ್’ ಅನ್ನುತ್ತಾರೆ.

ಫೆಬ್ರವರಿ 1986. ಮನಿಲಾದ ಎಡ್ಸಾ ರಸ್ತೆಯಲ್ಲಿ ಮಾರ್ಕೋಸ್ ವಿರುದ್ಧ ಲಕ್ಷಗಟ್ಟಲೆ ಜನ. ಮಾರ್ಕೋಸ್ ಕುಟುಂಬ ಅಮೆರಿಕದ ವಿಮಾನ ಹತ್ತಿ ಹವಾಯಿಗೆ ಹೋಯಿತು. ಕೊಹ್ವಾಂಕೊ ಅವರೂ ದೇಶ ಬಿಟ್ಟರು. ತಂಡಕ್ಕೆ ಅನ್ನ ಹಾಕುತ್ತಿದ್ದ ಕೈ ಹೋಯಿತು, ತಂಡವೂ ಚದುರಿತು. ಸ್ಪೇನಿಗೆ ಫಿಲಿಪೀನ್ಸ್ ಹೋಗಲೇ ಇಲ್ಲ. ಆ ಜಾಗದಲ್ಲಿ ಮಲೇಷ್ಯಾ ಆಡಿತು.

ಸರ್ವಾಧಿಕಾರಿ ಹೋದದ್ದಕ್ಕೆ ಯಾರಾದರೂ ಬೇಸರ ಪಡುತ್ತಾರಾ? ಇಲ್ಲ. ಕುಯಾ ಅವರ ಅಪ್ಪ ಆ ದಿನ ಕುಣಿದಿದ್ದರಂತೆ. ಆದರೆ ಆ ದೊಡ್ಡ ಸಂತೋಷದ ಒಂದು ಮೂಲೆಯಲ್ಲಿ, ಯಾರೂ ಗಮನಿಸದ ಹಾಗೆ, ಹನ್ನೆರಡು ಹುಡುಗರ ಒಂದು ಪ್ರಯಾಣ ರದ್ದಾಗಿತ್ತು. ಅವರು ಹೋಗಿದ್ದರೆ ಏನಾಗುತ್ತಿತ್ತು ಅನ್ನುವುದು ಫಿಲಿಪಿನೋಗಳು ಇವತ್ತಿಗೂ ಜಗಿಯುವ ವೀಳ್ಯ. ದೊಡ್ಡ ಪದಕವೇನೂ ಬರುತ್ತಿರಲಿಲ್ಲ ಅಂತ ನನಗನ್ನಿಸುತ್ತದೆ. ಆದರೆ ಜಗತ್ತು ಆ ಹಾರಾಟವನ್ನು ಒಂದು ಸಲ ನೋಡಬೇಕಿತ್ತು, ಅಲ್ವಾ? ಅಂದಹಾಗೆ, ಆಮೇಲೆ ಫಿಲಿಪೀನ್ಸ್ ಆ ಏಷ್ಯನ್ ಚಾಂಪಿಯನ್‌ಶಿಪ್ ಗೆಲ್ಲಲೇ ಇಲ್ಲ.

ಆ ವರ್ಷವೇ ಸ್ಯಾಂಬಾಯ್ ವೃತ್ತಿಪರನಾದ. ಸ್ಯಾನ್ ಮಿಗೆಲ್ ಕಂಪನಿಯ ತಂಡ ಆಗ ಮ್ಯಾಗ್ನೋಲಿಯಾ ಎಂಬ ಹೆಸರಲ್ಲಿ ಆಡುತ್ತಿತ್ತು, ಆಮೇಲೆ ಮತ್ತೆ ಸ್ಯಾನ್ ಮಿಗೆಲ್ ಬಿಯರ್ ಆಯಿತು. 1997ರಲ್ಲಿ ಆಟ ಬಿಡುವವರೆಗೆ ಆ ಒಂದೇ ತಂಡ. ಪಿಬಿಎಯಲ್ಲಿ ಒಂದು ವರ್ಷಕ್ಕೆ ಮೂರು ಟೂರ್ನಿ. ಮೂರನ್ನೂ ಒಬ್ಬರೇ ಗೆದ್ದರೆ ಗ್ರ್ಯಾಂಡ್ ಸ್ಲ್ಯಾಮ್. ಇಷ್ಟು ವರ್ಷದಲ್ಲಿ ಅದು ಆದದ್ದು ಐದೇ ಸಲ. ಅದರಲ್ಲಿ ಒಂದು 1989ರ ಸ್ಯಾನ್ ಮಿಗೆಲ್. ಕೋಚ್ ನಾರ್ಮನ್ ಬ್ಲ್ಯಾಕ್, ಸೆಂಟರ್ ಜಾಗದಲ್ಲಿ ಹಳೆ ಹುಲಿ ರಾಮನ್ ಫರ್ನಾಂಡಿಸ್, ಬಾಲ್ ಹಂಚಲು ಕಾಲ್ಮಾ, ಕೋರ್ಟಿನ ಅಂಚಿನ ಕಡೆ ಸ್ಯಾಂಬಾಯ್. ಅವನು ಇದ್ದ ಕಾಲದಲ್ಲಿ ತಂಡಕ್ಕೆ ಒಟ್ಟು 9 ಟ್ರೋಫಿ ಬಂತು. ಬೆನ್ನ ಮೇಲಿನ ನಂಬರಿನಷ್ಟೇ.

1990ರಲ್ಲಿ ಇನ್ನೊಂದು. ಮೊದಲ ಸಲ ಪಿಬಿಎ ಆಟಗಾರರು ಏಷ್ಯನ್ ಗೇಮ್ಸ್‌ಗೆ ಹೋದರು, ಬೀಜಿಂಗ್‌ಗೆ. ಫೈನಲ್‌ನಲ್ಲಿ ಚೀನಾ ಎದುರು ಸೋತು ಬೆಳ್ಳಿ ತಂದರು. ಸ್ಯಾಂಬಾಯ್ ಆ ತಂಡದಲ್ಲಿದ್ದ.

ಆದರೆ ಎಂವಿಪಿ? ಅಂದರೆ ವರ್ಷದ ಅತ್ಯುತ್ತಮ ಆಟಗಾರ? ಒಂದು ಸಲವೂ ಸಿಗಲಿಲ್ಲ. 1988ರಲ್ಲಿ ಅವನದೇ ತಂಡದ ಫರ್ನಾಂಡಿಸ್‌ಗೆ. ತಂಡ ಮೂರೂ ಗೆದ್ದ 1989ರಲ್ಲಿ ಬೇರೆ ತಂಡದ ಹೊಸ ಹುಡುಗ ಬೆಂಜಿ ಪರಾಸ್‌ಗೆ. 1990ರಲ್ಲಿ ಕೈಡಿಕ್‌ಗೆ. 1992ರಲ್ಲಿ ಮತ್ತೆ ಅವನದೇ ತಂಡದ ಆಟೊ ಅಗುಸ್ತಿನ್‌ಗೆ. ಮದುವೆ ಮನೆಯಲ್ಲಿ ಸುತ್ತ ಕೂತವರಿಗೆಲ್ಲ ಹೋಳಿಗೆ ಬಡಿಸಿ ನಮ್ಮ ಎಲೆ ಬಿಟ್ಟು ಹೋದ ಹಾಗೆ.

ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಎಂವಿಪಿ ಬೇಕಿದ್ದರೆ ಮೊದಲು ವರ್ಷಪೂರ್ತಿ ಮೈದಾನದಲ್ಲಿರಬೇಕು. ಇವನು ಇರುತ್ತಿರಲಿಲ್ಲ. ಆಸ್ಪತ್ರೆಯಲ್ಲಿರುತ್ತಿದ್ದ, ಇಲ್ಲವೇ ಬೆಂಚಿನಲ್ಲಿ ಪಟ್ಟಿ ಕಟ್ಟಿಕೊಂಡು ಕೂತಿರುತ್ತಿದ್ದ. 80ರ ದಶಕದ ಪಿಬಿಎ ಈಗಿನ ಹಾಗಲ್ಲ. ಒಳಗೆ ಬಂದವನನ್ನು ಸುಮ್ನೆ ಬಿಡುತ್ತಿರಲಿಲ್ಲ. ಮೊಣಕೈ, ಸೊಂಟ, ಭುಜ, ಎಲ್ಲ ಆಯುಧವೇ. ಹಾರಿದವನಿಗೆ ಗಾಳಿಯಲ್ಲಿ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಕೆಳಗಿನಿಂದ ಒಂದು ಸಣ್ಣ ತಳ್ಳು ಸಾಕು, ಬೀಳುವುದು ಹೇಗೋ ಎಲ್ಲೋ. ಅವನು ಬೀಳುತ್ತಿದ್ದ, ವಾಸಿ ಮಾಡಿಕೊಂಡು ಬರುತ್ತಿದ್ದ, ಬಂದ ಮೊದಲ ಪಂದ್ಯದಲ್ಲೇ ಮತ್ತೆ ಅದೇ ಜಾಗದಿಂದ ಹಾರುತ್ತಿದ್ದ.

ನಾನು ಕುಯಾಗೆ ಕೇಳಿದ್ದೆ: ‘ಹೊರಗೆ ನಿಂತು ಎಸೆಯುವುದನ್ನು ಕಲಿಯಬಹುದಿತ್ತಲ್ಲ? ಕೈಡಿಕ್ ಹಾಗೆ?’

‘ಎಸೆಯಲು ಬರುತ್ತಿತ್ತು ಪಾರೆ. ನಾವು ಟಿಕೆಟ್ ತಗೊಂಡದ್ದು ಅದಕ್ಕಲ್ಲ.’

ಈ ಮಾತು ನನಗೆ ಆಗ ಅಷ್ಟು ಹಿಡಿಸಲಿಲ್ಲ. ಈಗಲೂ ಪೂರ್ತಿ ಹಿಡಿಸಿಲ್ಲ. ನೋಡುವವನ ಸುಖಕ್ಕೆ ಆಡುವವನ ಮೂಳೆ ಯಾಕೆ ಮುರಿಯಬೇಕು? ನಮ್ಮೂರಿನಲ್ಲೊಬ್ಬರು ಪುಂಡುವೇಷದವರಿದ್ದರು. ಒಂದು ಕಾಲದಲ್ಲಿ ಅವರ ದಿಗಿಣ ನೋಡಲು ಪಕ್ಕದ ಊರಿಂದ ಟಾರ್ಚ್ ಹಿಡಿದು ಗದ್ದೆ ಬದುವಿನ ಮೇಲೆ ನಡೆದು ಬರುತ್ತಿದ್ದರು. ನಾನು ನೋಡುವ ಹೊತ್ತಿಗೆ ಅವರಿಗೆ ಐವತ್ತು ದಾಟಿತ್ತು. ಬಸ್ಸಿನ ಮೆಟ್ಟಿಲು ಹತ್ತಲು ಕಂಬಿ ಹಿಡಿದು ಒಂದು ಕ್ಷಣ ನಿಲ್ಲುತ್ತಿದ್ದರು. ಅವರ ಹಿಂದೆ ನಿಂತ ಕಂಡಕ್ಟರ್ ಸೀಟಿ ಊದದೆ ಕಾಯುತ್ತಿದ್ದ. ಅವನ ಅಪ್ಪನೂ ಆ ದಿಗಿಣ ಎಣಿಸಿದವರಲ್ಲಿ ಒಬ್ಬ. ಆ ಕಲಾವಿದರು ನನಗೊಮ್ಮೆ ಹೇಳಿದ್ದರು: ‘ಹಾರುವುದನ್ನು ಯಾರೂ ಕಲಿಸಬೇಕಿಲ್ಲ. ಇಳಿಯುವುದನ್ನು ಕಲಿಸುತ್ತಾರೆ. ನಾನು ಆ ಪಾಠದ ದಿನ ತಪ್ಪಿಸಿಕೊಂಡೆ ಕಾಣ್ತದೆ.’

ಸ್ಯಾಂಬಾಯ್ ಕೂಡ ಆ ಪಾಠ ತಪ್ಪಿಸಿಕೊಂಡವನೇ. ಪಾಯಿಂಟ್, ಪಂದ್ಯ, ಪ್ರಶಸ್ತಿ ಅಂತ ಲೆಕ್ಕ ಬರೆದರೆ ಅವನ ಪುಟ ಕೈಡಿಕ್ ಪುಟದ ಮುಂದೆ ತೆಳ್ಳಗೆ ಕಾಣುತ್ತದೆ. ಹಾಗಿದ್ದೂ 2000ದಲ್ಲಿ ಪಿಬಿಎ ತನ್ನ 25 ಶ್ರೇಷ್ಠ ಆಟಗಾರರ ಪಟ್ಟಿ ಮಾಡಿದಾಗ ಅವನ ಹೆಸರು ಬಿಡಲಾಗಲಿಲ್ಲ. ಸ್ಯಾನ್ ಮಿಗೆಲ್ ಅವನ 9ನೇ ನಂಬರನ್ನು ಇನ್ಯಾರಿಗೂ ಕೊಡದೆ ತೆಗೆದಿಟ್ಟಿತು.

ಇನ್ನು 2014ರ ವಿಷಯ. ಆ ವರ್ಷದ ವಿಶ್ವಕಪ್‌ಗೆ ಫಿಲಿಪೀನ್ಸ್ ಹೋಯಿತು, 1978ರ ನಂತರ ಮೊದಲ ಬಾರಿಗೆ. ನಡೆದದ್ದು ಎಲ್ಲಿ? ಸ್ಪೇನಿನಲ್ಲಿ. 1986ರಲ್ಲಿ ಕೈತಪ್ಪಿದ ಅದೇ ಸ್ಪೇನಿಗೆ 28 ವರ್ಷ ತಡವಾಗಿ, ಬೇರೆ ಹುಡುಗರು. ಸೆನೆಗಲ್ ವಿರುದ್ಧ ಓವರ್‌ಟೈಮ್‌ನಲ್ಲಿ ಎರಡು ಪಾಯಿಂಟ್‌ನಿಂದ ಗೆದ್ದ ರಾತ್ರಿ ನಮ್ಮ ಬಿಲ್ಡಿಂಗಿನ ಮೂರನೇ ಮಹಡಿ ಪೂರ್ತಿ ಕಿರುಚಿತು. ಪಕ್ಕದ ರೂಮಿನ ಮಲಯಾಳಿಗಳು ಬೆಂಕಿ ಬಿತ್ತೇನೋ ಅಂತ ಬನಿಯನ್‌ನಲ್ಲೇ ಓಡಿ ಬಂದರು. ಕುಯಾ ಅಳುತ್ತಿದ್ದರು. ನಗುತ್ತಲೂ ಇದ್ದರು.

ಅದಾಗಿ ಮೂರು ತಿಂಗಳು ಕಳೆದಿಲ್ಲ. ನವೆಂಬರ್ 28, ಶುಕ್ರವಾರ. ಆಗ ಇಲ್ಲಿ ವಾರದ ರಜೆ ಶುಕ್ರವಾರವೇ ಇತ್ತು. ಬೆಳಗ್ಗೆ ಕೋರ್ಟಿಗೆ ಹೋಗಿ ಆಡಿ ಬಂದಿದ್ದೆವು. ಸಂಜೆ ಕುಯಾ ಅಕ್ಕಿ ತೊಳೆಯುತ್ತಿದ್ದರು. ಫೋನ್ ಬಂತು. ಮಾತಾಡಿ ಮುಗಿಸಿ ಬಂದು ಪಾತ್ರೆಯ ಅಕ್ಕಿಯನ್ನು ಮತ್ತೆ ತೊಳೆದರು. ಆಗಲೇ ತೊಳೆದಾಗಿತ್ತು.

ಮನಿಲಾದಲ್ಲಿ ಹಳೆ ಪಿಬಿಎ ಆಟಗಾರರ ಒಂದು ಪ್ರದರ್ಶನ ಪಂದ್ಯ. ಗೆಲುವು ಸೋಲಿಗೆ ಲೆಕ್ಕವಿಲ್ಲದ, ಹೊಟ್ಟೆ ಬಂದವರು ನಗುನಗುತ್ತ ಆಡುವ ಆಟ. ಅಲ್ಲಿ ಸ್ಯಾಂಬಾಯ್ ಕುಸಿದ. ಹೃದಯ ನಿಂತಿತ್ತು. ಮತ್ತೆ ಬಡಿಯುವಂತೆ ಮಾಡುವ ಹೊತ್ತಿಗೆ ಮೆದುಳಿಗೆ ಆಮ್ಲಜನಕ ಸಾಲದೆ ಹೋಗಿತ್ತು. ಕೋಮಾ. 52 ವರ್ಷ. ಅಷ್ಟು ಮೊಣಕೈ ತಿಂದು, ಅಷ್ಟು ಸಲ ಎತ್ತರದಿಂದ ಬಿದ್ದು ಎದ್ದವನನ್ನು ಕೊನೆಗೆ ಬೀಳಿಸಿದ್ದು ಯಾರೂ ತಳ್ಳದ ಆಟ.

ಕೋಮಾದಿಂದ ಹೊರಬಂದ, ಮೊದಲಿನ ಹಾಗೆ ಆಗಲಿಲ್ಲ. ಹಾಸಿಗೆಯಲ್ಲೇ ಒಂಬತ್ತು ವರ್ಷ. ಅವನ ಗುರು ರಾನ್ ಜೇಕಬ್ಸ್ 2001ರಲ್ಲಿ ಪಾರ್ಶ್ವವಾಯು ಹೊಡೆದು ಮಲಗಿದವರು, 2015ರಲ್ಲಿ ತೀರಿಹೋದರು. ಒಂದಷ್ಟು ಕಾಲ ಗುರು ಶಿಷ್ಯ ಇಬ್ಬರೂ ಬೇರೆ ಬೇರೆ ಹಾಸಿಗೆಗಳಲ್ಲಿ.

ಆ ಒಂಬತ್ತು ವರ್ಷದಲ್ಲಿ ಒಂದು ಒಳ್ಳೆಯ ಸುದ್ದಿಯೂ ಬಂತು. ಮಗಳು ಜೇಮಿ. 2019ರಲ್ಲಿ ಫಿಲಿಪೀನ್ಸ್ ವಿಶ್ವವಿದ್ಯಾಲಯದಿಂದ ಗಣಿತದಲ್ಲಿ ಅತಿ ಉನ್ನತ ದರ್ಜೆಯೊಂದಿಗೆ ಪದವಿ ಪಡೆದಳು. ಅದೇ ವರ್ಷ ಡಿಸೆಂಬರ್‌ನಲ್ಲಿ ಮನಿಲಾದಲ್ಲೇ ನಡೆದ ಆಗ್ನೇಯ ಏಷ್ಯಾ ಕ್ರೀಡಾಕೂಟದಲ್ಲಿ ಕರಾಟೆ ಚಿನ್ನ. ಕುಯಾ ಆ ಸುದ್ದಿಯನ್ನು ವೇರ್‌ಹೌಸಿನಲ್ಲಿ ಕಂಡಕಂಡವರಿಗೆ ತೋರಿಸಿದರು. ಫೋರ್ಕ್‌ಲಿಫ್ಟ್ ಓಡಿಸುವ ಪಠಾಣನಿಗೂ ತೋರಿಸಿದರು. ಅವನಿಗೆ ಸ್ಯಾಂಬಾಯ್ ಯಾರು ಅಂತ ಗೊತ್ತಿಲ್ಲ, ಕರಾಟೆ ಗೊತ್ತಿತ್ತು, ‘ಬಹುತ್ ಅಚ್ಛಾ’ ಅಂದ. ಕುಯಾಗೆ ಅಷ್ಟು ಸಾಕು.

ಬಿಪಿ ಮೆಷಿನ್ ಬ್ಯಾಗಿಗೆ ಬಂದದ್ದು 2014ರ ಡಿಸೆಂಬರ್‌ನಲ್ಲಿ. ಇಲೋಯ್ಲೋದಿಂದ ಅವರ ಹೆಂಡತಿಯ ಆಜ್ಞೆ: ಮೊದಲು ಕೈಗೆ ಪಟ್ಟಿ, ಆಮೇಲೆ ಕಾಲಿಗೆ ಶೂ. 140 ದಾಟಿದರೆ ಆಟ ಇಲ್ಲ. ನಂಬಿಕೆ ಸಾಲದೆ, ಮೆಷಿನಿನ ಫೋಟೋ ತೆಗೆದು ಕಳಿಸಬೇಕು ಅಂತ ಬೇರೆ ನಿಯಮ. ನಾವೆಲ್ಲ ಮೊದಲು ಗೇಲಿ ಮಾಡಿದೆವು. ಈಗ ಕೋರ್ಟಿಗೆ ಬರುವ ನಲವತ್ತು ದಾಟಿದವರೆಲ್ಲ ಆ ಮೆಷಿನಿಗೆ ಸಾಲು ನಿಲ್ಲುತ್ತಾರೆ. ನಾನೂ ಹೋದ ವರ್ಷದಿಂದ ನಿಲ್ಲುತ್ತಿದ್ದೇನೆ.

2023ರ ಡಿಸೆಂಬರ್ 23ರಂದು ಸ್ಯಾಂಬಾಯ್ ತೀರಿಕೊಂಡ. 61 ವರ್ಷ. ಕ್ರಿಸ್‌ಮಸ್‌ಗೆ ಎರಡು ದಿನ. ಫಿಲಿಪಿನೋಗಳು ಡಿಸೆಂಬರ್ 16ರಿಂದ 24ರವರೆಗೆ ಒಂಬತ್ತು ದಿನ ವಿಶೇಷ ಪೂಜೆಗೆ ಚರ್ಚಿಗೆ ಹೋಗುತ್ತಾರೆ, ಅದಕ್ಕೆ ಸಿಂಬಾಂಗ್ ಗಬಿ ಅಂತ ಹೆಸರು. ಕೊನೆಯ ದಿನದ ಪೂಜೆ ಮುಗಿಸಿಕೊಂಡು ಕುಯಾ ಭಾನುವಾರ ನೇರವಾಗಿ ಕೋರ್ಟಿಗೆ ಬಂದರು. ನಿದ್ದೆ ಮಾಡಿದ ಹಾಗಿರಲಿಲ್ಲ. ಸುದ್ದಿ ಎಲ್ಲರಿಗೂ ಗೊತ್ತಿತ್ತು, ಯಾರೂ ಎತ್ತಲಿಲ್ಲ.

ಬೆಂಚಿನ ಮೇಲೆ ಕೂತು ಪಟ್ಟಿ ಸುತ್ತಿಕೊಂಡರು. ಗುಂಯ್ ಅಂತ ಗಾಳಿ ತುಂಬಿತು, ಇಳಿಯಿತು. 158. ಕೆಳಗಿನದು 96. ಅವರು ಆ ಅಂಕಿಯನ್ನು ಸ್ವಲ್ಪ ಹೊತ್ತು ನೋಡಿದರು. ಹೊರಗೆ ತೆಗೆದಿಟ್ಟಿದ್ದ ಶೂಗಳನ್ನು ಒಂದೊಂದಾಗಿ ಬ್ಯಾಗಿಗೆ ಹಾಕಿದರು. ಬಾಲನ್ನು ನನ್ನ ಕಡೆ ಉರುಳಿಸಿ, ‘ನೀನು ಹೋಗು’ ಅಂದರು.

ನನ್ನದು ವಾಲಿಬಾಲ್ ಕೈ. ಊರಿನಲ್ಲಿ ಅಡಿಕೆ ಮರದ ಕಂಬಕ್ಕೆ ನೆಟ್ ಕಟ್ಟಿ ಆಡಿ ಬೆಳೆದವನು, ಇಷ್ಟು ವರ್ಷವಾದರೂ ಈ ಬಾಲ್ ನನ್ನ ಮಾತು ಕೇಳುವುದಿಲ್ಲ. ಆದರೂ ಎಡಗಡೆಯಿಂದ ತಟ್ಟುತ್ತ ಹೋಗಿ, ಒಂದು ಹೆಜ್ಜೆ ಮೊದಲೇ ಹಾರಿದೆ. ಬೇಕೆಂದೇ. ಬಾಲ್ ರಿಂಗಿನ ಕೆಳಗೆ ತಾಗಿ ಬೇಲಿಯ ಕಡೆಗೆ ಹೋಯಿತು. ನಾನು ಹೇಗೋ ಇಳಿದೆ, ಒಂದು ಅಂಗೈ ತರಚಿತು.

‘ಮೊದಲು ಕಾಲು ನೆಲಕ್ಕಿಡೋದು ಕಲಿ ಪಾರೆ,’ ಬೆಂಚಿನಿಂದ ಕುಯಾ ಕೂಗಿದರು.

ನಾನು ಬಾಲ್ ತರಲು ಬೇಲಿಯ ಕಡೆ ಓಡಿದೆ. ಹಿಂದಿನಿಂದ ಮತ್ತೆ ಗುಂಯ್ ಅನ್ನುವ ಸದ್ದು. ತಿರುಗಿ ನೋಡಿದರೆ, ಕುಯಾ ಈ ಸಲ ಇನ್ನೊಂದು ಕೈಗೆ ಪಟ್ಟಿ ಸುತ್ತಿಕೊಂಡು ಕೂತಿದ್ದರು.